ಕಂಪ್ಯೂಟರ್ ಕಾಟಾದ ಸಂದರ್ಶನ

ಬಳ್ಳಾರಿಯಲ್ಲಿ ಆ ಕಾಲಕ್ಕೆ ಯಾವ ವಿದ್ಯೆಗೆ ಭವಿಷ್ಯವಿದೆ ಎಂದು ತಿಳಿಯಲು ಪತ್ರಿಕೆ ಓದಬೇಕಾಗಿರಲಿಲ್ಲ. ಮಹಡಿ ಮೆಟ್ಟಿಲುಗಳ ಪಕ್ಕ ತೂಗುಹಾಕಿದ ಬೋರ್ಡುಗಳನ್ನು ನೋಡಿದರೆ ಸಾಕಿತ್ತು. ನಾನು ಹೈಸ್ಕೂಲು ಮುಗಿಸಿದಾಗ ಎಲ್ಲ ಮೆಟ್ಟಿಲುಗಳೂ ಟೈಪಿಂಗ್ ಕಲಿಸುವಲ್ಲಿಗೇ ಹತ್ತುತ್ತಿದ್ದವು. ನಾನು ಟೈಪಿಂಗಿನ ಲೋಯರ್ ಪರೀಕ್ಷೆ ಪಾಸಾಗುವಷ್ಟರಲ್ಲಿ ಟೈಪಿಸ್ಟುಗಳ ಕಾಲ ಮುಗಿಯಿತು, ಇನ್ನೇನಿದ್ದರೂ ರೇಡಿಯೋ ಎಂದರು. ರೇಡಿಯೋ ರಿಪೇರಿ ಕಲಿತು, ಎರಡು ಬೆರಳು ಸುಟ್ಟುಕೊಂಡು, ಸರ್ಟಿಫಿಕೇಟು ಹಿಡಿದು ಕೆಳಗಿಳಿದರೆ ಬೋರ್ಡಿನ ಮೇಲಿದ್ದ ರೇಡಿಯೋಕ್ಕೆ ಬಣ್ಣ ಬಳಿದು ಟೀವಿ ಎಂದು ಬರೆಯುತ್ತಿದ್ದರು. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಟೀವಿಯ ಮೇಲೂ ಬಣ್ಣ ಬಿದ್ದು ಕಂಪ್ಯೂಟರ್ ಆಯಿತು. ಮಹಡಿ ಅದೇ, ಬೆಂಚು ಅವೇ, ಮಾಸ್ತರೂ ಅವರೇ. ಇದರಿಂದ ನನಗೆ ಮೊದಲ ಸಲ ವಿದ್ಯೆಯ ಬಗ್ಗೆ ಅನುಮಾನ ಬಂತು.

ಅನುಮಾನ ಬಂದರೂ ಸೇರಿದೆ. ಆರು ತಿಂಗಳ ಕೋರ್ಸು. ಕಂಪ್ಯೂಟರನ್ನು ಮಾಸ್ತರು ಕರಿಹಲಗೆಯ ಮೇಲೆ ಚಾಕ್‌ಪೀಸಿನಿಂದ ಬರೆದು ತೋರಿಸುತ್ತಿದ್ದರು. ನಿಜವಾದದ್ದು ಪಕ್ಕದ ತಂಪು ಕೋಣೆಯಲ್ಲಿದೆಯೆಂದೂ, ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕೆಂದೂ ಹೇಳಿದ್ದರು. ಆರು ತಿಂಗಳಲ್ಲಿ ಒಂದೇ ಸಲ ಬಿಟ್ಟೆವು. ಆ ದಿನ ಕರೆಂಟಿರಲಿಲ್ಲ.

ಹೀಗೆ ಮೂರು ವಿದ್ಯೆಗಳಲ್ಲಿ ಪಾರಂಗತನಾಗಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನು ಕುರುಗೋಡಿನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಎದುರಿಗೆ ಅಪ್ಪನ ಹಿಟ್ಟಿನ ಗಿರಣಿ. ಅಪ್ಪನಿಗೂ ನನಗೂ ಒಪ್ಪಂದವಾಗಿತ್ತು: ಇನ್ನೊಂದೇ ಇಂಟರ್‌ವ್ಯೂ, ಅದೂ ಆಗದಿದ್ದರೆ ಗಿರಣಿಗೆ ಬರಬೇಕು. ಗಿರಣಿಯ ಕೆಲಸ ಕೀಳೆಂದು ನಾನೆಂದೂ ತಿಳಿದವನಲ್ಲ. ಆದರೆ ಜೋಳ ಬೀಸಿಸಲು ಬಂದ ಪ್ರತಿಯೊಬ್ಬರೂ ಬುಟ್ಟಿ ಎತ್ತಿ ನೋಡಿ, ‘ಹಿಟ್ಟು ಕಮ್ಮಿ ಬಂತಲ್ಲ’ ಎಂದು ಅಪ್ಪನ ಮುಖ ನೋಡುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಅಪ್ಪ ಒಬ್ಬರದೂ ಒಂದು ಹಿಡಿ ತೆಗೆದವನಲ್ಲ. ಆದರೂ ದಿನವಿಡೀ ಆ ನೋಟದ ಕೆಳಗೆ ನಿಂತಿರುತ್ತಿದ್ದ. ನನಗೆ ಅದೊಂದು ಬೇಡವಾಗಿತ್ತು. ಯಂತ್ರವೇ ಕೆಲಸ ಮಾಡಬೇಕು, ಫ್ಯಾನಿನ ಕೆಳಗೆ ಕುರ್ಚಿ ಇರಬೇಕು, ಅದರ ಮೇಲೆ ಕೂತವನನ್ನು ಯಾರೂ ಕಳ್ಳನಂತೆ ನೋಡಬಾರದು. ನನ್ನ ಮಹತ್ವಾಕಾಂಕ್ಷೆ ಇಷ್ಟೇ.

ಆ ಕೊನೆಯ ಇಂಟರ್‌ವ್ಯೂ ಪತ್ರ ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಿಂದ ಬಂತು. ಭತ್ತ ತೂಗಲು ಹೊಸದಾಗಿ ತರಿಸಿದ ಕಂಪ್ಯೂಟರ್ ಕಾಟಾಕ್ಕೆ ಆಪರೇಟರ್ ಬೇಕಾಗಿದ್ದಾರೆ ಎಂದಿತ್ತು. ಕಾಟಾ ಎಂದರೆ ನಮ್ಮಲ್ಲಿ ತೂಕದ ಯಂತ್ರ. ಅದಕ್ಕೆ ಕಲ್ಲು ಇಡಬೇಕಿಲ್ಲ, ಮುಳ್ಳು ನೋಡಬೇಕಿಲ್ಲ. ಚೀಲ ಇಟ್ಟರೆ ಡಬ್ಬಿಯೊಳಗೆ ಕೆಂಪು ಅಂಕಿ ತಾನಾಗಿ ಮೂಡುತ್ತದೆ. ಹೀಗಾಗಿ ಜನ ಅದನ್ನು ಕಂಪ್ಯೂಟರ್ ಎಂದೇ ನಂಬಿದ್ದರು. ಕಂಪ್ಯೂಟರನ್ನು ಚಾಕ್‌ಪೀಸಿನಲ್ಲಿ ಮಾತ್ರ ಕಂಡಿದ್ದ ನಾನು ಅಲ್ಲಗಳೆಯುವ ಸ್ಥಿತಿಯಲ್ಲಿರಲಿಲ್ಲ.

ಅವ್ವ ಪತ್ರವನ್ನು ಕಿತ್ತುಕೊಂಡು ಅಕ್ಕಿ ಡಬ್ಬಿಯೊಳಗೆ ಹೂತಳು.

“ಯಾರ ಮುಂದೂ ಬಾಯಿ ಬಿಡಬ್ಯಾಡ. ಕೆಲಸ ಆಗೋದನ್ನ ಕೆಡಸಾಕ ಮಂದಿ ಕಾಯ್ಕೊಂಡ ಕುಂತಿರ್ತಾರ. ಕೇಳಿದ್ರ ಕನ್ಯಾ ನೋಡಾಕ ಹೊಂಟೀನಿ ಅನ್ನು.”

ಇತ್ತ ಕಟ್ಟೆಯ ಮೇಲಿನ ಗೆಳೆಯರ ಅನುಮಾನ ಬೇರೆ ರೀತಿಯದು. ಅವರ ಪ್ರಕಾರ ಯಾವ ಮಾಲೀಕನೂ ಒಳಗೊಬ್ಬನನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಗಿನವರನ್ನು ಇಂಟರ್‌ವ್ಯೂಗೆ ಕರೆಯುವುದಿಲ್ಲ. ಕರೆಯುವುದು ಶಾಸ್ತ್ರಕ್ಕೆ. ನಾನು ಅವರಿಗೆ ಕನ್ಯಾ ನೋಡಲು ಹೊರಟಿದ್ದೇನೆ ಎಂದೇ ಹೇಳಿದೆ. “ಅದೂ ಹಂಗ ಬಿಡಲೇ, ಮೊದಲೇ ಗೊತ್ತು ಮಾಡಿರ್ತಾರ” ಎಂದರು.

ತಯಾರಿಗಾಗಿ ಬಳ್ಳಾರಿಯ ಪಾರ್ವತಿನಗರದಲ್ಲಿದ್ದ ಸೋದರಮಾವನ ಮನೆಗೆ ಹೋದೆ. ಮಾವ ನಿವೃತ್ತ ಗುಮಾಸ್ತರು. ಹನ್ನೊಂದು ಸಂದರ್ಶನ ಎದುರಿಸಿ ಹನ್ನೊಂದನೆಯದರಲ್ಲಿ ಆಯ್ಕೆಯಾದವರು. ಆದ್ದರಿಂದ ಉಳಿದವರಿಗಿಂತ ಹತ್ತು ಪಾಲು ಹೆಚ್ಚು ಅನುಭವವಿತ್ತು. ಎಂಟು ದಿನ ನಡುಮನೆಯಲ್ಲಿ ಸಂದರ್ಶನ ಮಂಡಳಿ ಕೂತಿತು. ಅಧ್ಯಕ್ಷರು ಮಾವ, ಸದಸ್ಯೆ ಅತ್ತೆ. ಸದಸ್ಯೆ ಮೊರದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಬಾಗಿಲದಾಗ ನಿಂತು ಒಳಗ ಬರ್ಲೇನು ಸರ್ ಅಂತ ಕೇಳಬೇಕಲೇ. ನೀ ಒಳಗ ಬಂದು ಕೇಳಾಕತ್ತಿ.”

“ಅಲ್ಲಿ ಬಾಗಿಲಾ ಎಲ್ಲೈತ್ರಿ? ಬರೇ ಪರದಿ ಐತಿ” ಎಂದರು ಅತ್ತೆ.

“ನೀ ಮೆಂಬರು. ಸುಮ್ನ ಕುಂದ್ರು.”

“ಮೆಂಬರಂದ ಮ್ಯಾಲ ಮಾತಾಡಬಾರದೇನು?”

ಮಾವ ಅತ್ತೆಯನ್ನು ಕಡೆಗಣಿಸಿ ನನ್ನತ್ತ ತಿರುಗಿದರು. “ಕಂಪ್ಯೂಟರ್ ಅಂದ್ರೇನು?”

“ಲೆಕ್ಕಾ ಮಾಡೋ ಯಂತ್ರ ಐತ್ರಿ ಮಾವ.”

“ಮಾವ ಅಲ್ಲ, ಸರ್! ಐತ್ರಿ ಅಲ್ಲ, ಇದೆ! ಹಳ್ಳಿ ಮಾತು ಒಂದೂ ಬಾಯಾಗ ಬರಬಾರದು. ಮಷೀನು ಮುಂದ ಕುಂದ್ರಾವ ಮಷೀನಿನಂಗ ಮಾತಾಡಬೇಕು. ಎಷ್ಟು ಕೇಳ್ತಾರೋ ಅಷ್ಟು. ಅದೂ ಮೂಗಿನಾಗ.”

ಎಂಟು ದಿನಗಳಲ್ಲಿ ನನ್ನ ನಾಲಿಗೆಯಿಂದ ಐತಿ, ಬ್ಯಾಡ, ಹೊಂಟೀನಿ ಮೊದಲಾದವುಗಳನ್ನು ಹೊಲದಲ್ಲಿ ಕಳೆ ಕೀಳುವಂತೆ ಕಿತ್ತರು. ಕೊನೆಯ ದಿನ ಅಧ್ಯಕ್ಷರು ಸದಸ್ಯೆಗೂ ಒಂದು ಪ್ರಶ್ನೆ ಕೇಳಲು ಅವಕಾಶ ಕೊಟ್ಟರು. ಅತ್ತೆ ಬೆಳ್ಳುಳ್ಳಿ ಸಿಪ್ಪೆ ಊದುತ್ತ ಕೇಳಿದರು:

“ಅಷ್ಟು ಛಂದ ಹಳೇ ತಕ್ಕಡಿ ಇರಾಕ, ಆ ಸಾವ್ಕಾರ ಹೊಸಾದು ಯಾಕ ತರಿಸಿದ?”

“ಅದು ಸಿಲೆಬಸ್‌ನಾಗಿಲ್ಲ” ಎಂದು ಮಾವ ಸಭೆ ಮುಗಿಸಿದರು.

ಮರುದಿನ ಬೆಳಗಿನ ಬಸ್ಸಿಗೆ ಸಿರುಗುಪ್ಪ ಮುಟ್ಟಿದೆ. ಮಿಲ್ಲಿನ ಅಂಗಳದ ತುಂಬ ಭತ್ತದ ಚೀಲ, ಟ್ರ್ಯಾಕ್ಟರು, ಧೂಳು. ಹಳೆಯ ತಕ್ಕಡಿಯನ್ನೂ ಕಬ್ಬಿಣದ ತೂಕದ ಕಲ್ಲುಗಳನ್ನೂ ಗೋಡೆಗೆ ಒತ್ತಿ ಇಟ್ಟಿದ್ದರು. ಆಫೀಸು ಕೋಣೆಯ ಕಿಟಕಿಯ ಹೊರಗೆ ನೆಲದ ಮೇಲೊಂದು ಕಬ್ಬಿಣದ ಹಲಗೆ. ಅದರಿಂದ ಹೊರಟ ಕರಿ ವೈರು ಕಿಟಕಿಯೊಳಗೆ ನುಸುಳಿ ಮೇಜಿನ ಮೇಲಿನ ಡಬ್ಬಿಗೆ ಸೇರಿತ್ತು. ಡಬ್ಬಿಯ ಮುಖ ಒಳಕ್ಕೆ.

ನನ್ನ ಹೊರತು ಇನ್ನೊಬ್ಬನೇ ಅಭ್ಯರ್ಥಿ. ಬಳ್ಳಾರಿಯವನು, ಟೈ ಕಟ್ಟಿದ್ದ. ಆ ಬಿಸಿಲಿನಲ್ಲಿ ಟೈ ಕಟ್ಟಿದವನನ್ನು ನಾನು ಸಹಜವಾಗಿಯೇ ಮೊದಲೇ ಗೊತ್ತುಮಾಡಿದ ಮನುಷ್ಯನೆಂದು ತೀರ್ಮಾನಿಸಿದೆ. ಅವನು ನನ್ನ ಖಾಲಿ ಕುತ್ತಿಗೆ ನೋಡಿ ಅದೇ ತೀರ್ಮಾನಕ್ಕೆ ಬಂದಂತಿತ್ತು; ಶಿಫಾರಸು ಇಲ್ಲದವನು ಇಷ್ಟು ನಿಶ್ಚಿಂತೆಯಾಗಿ ಬರುತ್ತಾನೆಯೇ? ಮೊದಲು ಅವನನ್ನು ಕರೆದರು. ಹೊರಬಂದಾಗ ಕೇಳಿದೆ:

“ಏನು ಕೇಳಿದರು?”

“ಏನಿಲ್ಲ. ಮಾಮೂಲು” ಎಂದು ಟೈ ಸರಿಪಡಿಸಿಕೊಂಡ. ಮಾಮೂಲು ಎಂದವನ ಹಣೆಯಲ್ಲಿ ಬೆವರಿತ್ತು.

ಒಳಗೆ ಸಾವ್ಕಾರರೊಬ್ಬರೇ ಇದ್ದರು. ಮನೆಮಾತು ತೆಲುಗು, ವ್ಯವಹಾರದ ಮಾತು ಕನ್ನಡ. ನನ್ನ ಮೂರು ಸರ್ಟಿಫಿಕೇಟುಗಳನ್ನು ಮುಚ್ಚಿದ್ದ ಫೈಲಿನಲ್ಲಿಯೇ ಇರಿಸಿ, ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ತಮ್ಮಾ, ಈ ಡಬ್ಬಿಯಾಗ ಸೊನ್ನಿನ ಹಿಂದ ಮುಂದ ಸರಸಾಕ ಬರ್ತೈತೇನು?”

ಹಲಗೆ ಖಾಲಿ ಇದ್ದಾಗ ಡಬ್ಬಿ ಸೊನ್ನೆ ತೋರಿಸಬೇಕು. ಆ ಸೊನ್ನೆಯನ್ನು ಒಂದು ಕಿಲೋ ಹಿಂದಕ್ಕೆ ಸರಿಸಿಬಿಟ್ಟರೆ ಮುಂದೆ ಇಡುವ ಪ್ರತಿ ಚೀಲವೂ ಒಂದೊಂದು ಕಿಲೋ ಕಮ್ಮಿ ತೂಗುತ್ತದೆ. ಅವರು ಕೇಳಿದ್ದು ಇದು. ಏಕೆ ಕೇಳಿದರೋ ತಿಳಿಯಲಿಲ್ಲ. ಕಳ್ಳ ಬೇಕಾಗಿದ್ದನೋ, ಕಳ್ಳನನ್ನು ಹಿಡಿಯಬೇಕಾಗಿತ್ತೋ, ಅಥವಾ ಬರೀ ವಿದ್ಯೆ ಪರೀಕ್ಷಿಸುತ್ತಿದ್ದರೋ? ಬರುತ್ತದೆ ಎಂದರೆ ಮೋಸಗಾರ, ಬರುವುದಿಲ್ಲ ಎಂದರೆ ದಡ್ಡ. ಎಂಟು ದಿನ ಕಂಪ್ಯೂಟರಿನ ವ್ಯಾಖ್ಯೆ ಗಿಳಿಪಾಠ ಮಾಡಿದ್ದೆ. ಅದನ್ನು ಕೇಳುವ ಲಕ್ಷಣ ಕಾಣಲಿಲ್ಲ.

“ಯಂತ್ರದಲ್ಲಿ ಅದಕ್ಕೆ ಅವಕಾಶ ಇದೆ ಸರ್” ಎಂದೆ, ಮೂಗಿನಲ್ಲಿ.

“ನಿನಗ ಬರ್ತೈತೋ ಇಲ್ಲೋ?”

“ಬರುತ್ತದೆ ಸರ್.”

“ನನಗ ಗೊತ್ತಾಗದಂಗ ಮಾಡಾಕ?”

ನಾನು ಡಬ್ಬಿಯ ಕಡೆ ನೋಡಿದೆ. “ಸರೇ” ಎಂದು ಅವರು ಒಂದು ಚೀಟಿಯ ಮೇಲೆ ಏನೋ ಬರೆದು ಅಂಗೈಯಿಂದ ಮುಚ್ಚಿಕೊಂಡರು.

ಅಷ್ಟರಲ್ಲಿ ಹೊರಗೆ ಗದ್ದಲ. ದೇಶನೂರಿನಿಂದ ಒಬ್ಬ ಹಿರಿಯ ರೈತರು ಟ್ರ್ಯಾಕ್ಟರು ತುಂಬ ಭತ್ತ ತಂದಿದ್ದರು. ರುಮಾಲು ಸುತ್ತಿದ ತಲೆಯನ್ನು ಕಿಟಕಿಯೊಳಗೆ ತೂರಿಸಿ ಕೇಳುತ್ತಿದ್ದರು:

“ಹಳೇ ತಕ್ಕಡಿ ಎಲ್ಲಿ? ಒಳಗ ಏನೋ ಮಿಣಿಮಿಣಿ ಮಾಡ್ತೈತಿ, ಅದನ್ನ ನಾ ನಂಬಬೇಕಾ?”

ಸಾವ್ಕಾರರಿಗೆ ಒಂದು ಉಪಾಯ ಹೊಳೆಯಿತು. “ಯಜಮಾನ್ರ, ಈ ಇಬ್ಬರು ಹುಡುಗರು ಕೆಲಸಕ್ಕ ಬಂದಾರ. ಒಬ್ಬೊಬ್ಬರು ತೂಗಿ ತೋರಿಸ್ತಾರ. ನಿಮಗ ಯಾರು ಸರಿ ಅನಸ್ತಾರೋ ಅವರನ್ನ ಇಟ್ಕೋತೀನಿ.”

ಹೀಗೆ ಸಂದರ್ಶನ ಮಂಡಳಿ ಬದಲಾಯಿತು. ನನ್ನ ಮುಂದಿನ ಬಾಳು ಗಿರಣಿಯೋ ಕುರ್ಚಿಯೋ ಎಂಬುದು ಈಗ ದೇಶನೂರಿನ ಯಜಮಾನರ ಕೈಯಲ್ಲಿತ್ತು, ಅವರಂತೂ ನಮ್ಮಿಬ್ಬರನ್ನೂ ದನದ ದಲ್ಲಾಳಿಗಳನ್ನು ನೋಡುವಂತೆ ನೋಡುತ್ತಿದ್ದರು.

ಟೈಯವನು ಮೊದಲು ಕೂತ. ಹಮಾಲರು ಚೀಲ ಹಲಗೆಯ ಮೇಲಿಟ್ಟರು. “ಒನ್! ಸೆವೆಂಟಿ ಫೋರ್ ಪಾಯಿಂಟ್ ಸಿಕ್ಸ್!” ಎಂದು ಕಿಟಕಿಯೊಳಗಿಂದ ಕೂಗಿದ.

“ಏನಂದ ಅವ?”

“ಇಂಗ್ಲೀಷಿನಾಗ ತೂಗಿದ ಯಜ್ಜಾ” ಎಂದ ಒಬ್ಬ ಹಮಾಲ.

“ಹಂಗಾರ ನೆಲ್ಲೂ ಇಂಗ್ಲೀಷಿನವರೇ ಬೆಳೀಲಿ. ಇಳಸ್ರಿ ಕೆಳಗ.”

ನನ್ನ ಸರದಿ. ಅದೇ ಚೀಲ ಮತ್ತೆ ಮೇಲೆ ಬಂತು. ನಾನು ಅಚ್ಚಗನ್ನಡದಲ್ಲಿ, ಮಾವ ಕಲಿಸಿದ ಧ್ವನಿಯಲ್ಲಿ ಗಂಭೀರವಾಗಿ ಕೂಗಿದೆ: “ಒಂದು!”

ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಕಡೆ ಕಣದಲ್ಲಾಗಲಿ ಸಂತೆಯಲ್ಲಾಗಲಿ ಕಾಳು ಅಳೆಯುವಾಗ ಮೊದಲನೆಯದನ್ನು ಯಾರೂ ಒಂದು ಎನ್ನುವುದಿಲ್ಲ. ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಒಂದು ಎಂದು ಶುರುಮಾಡಿದರೆ ರಾಶಿ ಹುಲುಸಾಗುವುದಿಲ್ಲವೆಂದು ನಂಬಿಕೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮಾತು ಕಲಿತಾಗಿನಿಂದ ಗೊತ್ತಿತ್ತು. ಪಾರ್ವತಿನಗರದ ನಡುಮನೆಯಲ್ಲಿ ಕಳೆಯ ಜೊತೆ ಬೆಳೆಯೂ ಕಿತ್ತುಹೋಗಿತ್ತು.

“ಯಾವೂರು ನಿಂದು?” ಎಂದರು ಯಜಮಾನರು.

“ಕುರುಗೋಡು.”

“ಕುರುಗೋಡಾಗ ಲಾಭ ಅನ್ನೋದು ಸತ್ತು ಹೋಗೈತೇನಲೇ? ಮೊದಲ್ನೇ ಚೀಲಕ್ಕ ಬಾಯಾಗ ಲಾಭ ಬರದವ, ಒಳಗ ಡಬ್ಬಿ ಮುಂದ ಕುಂತು ಏನೇನು ಮಾಡ್ತಾನೋ! ಇಳಸ್ರಿ. ಗಾಡಿ ತಿರುಗಸ್ರಿ.”

ಹಮಾಲರು ಚೀಲಕ್ಕೆ ಕೊಕ್ಕೆ ಹಾಕಿ ಇಳಿಸಿದರು. ನಾನು ಕಿಟಕಿಯಿಂದ ಹೊರಗೆ ಬಾಗಿದೆ.

“ತಪ್ಪಾತ್ರೀ ಯಜ್ಜಾ. ನಮ್ಮ ಮಾವ ಎಂಟು ದಿವ್ಸ ಎದುರಿಗೆ ಕುಂದ್ರಿಸಿಕೊಂಡು ಐತಿ ಅನ್ನೋದು ಬಿಡಿಸ್ಯಾನ್ರಿ. ಅದರ ಸಂಗಾಟ ಲಾಭಾನೂ ಹೋಗೈತಿ.”

ಹಮಾಲರು ನಕ್ಕರು. ಯಜಮಾನರು ನಗಲಿಲ್ಲ.

“ಅದಿರಲಿ. ಆ ಡಬ್ಬಿ ಮಾರಿ ಒಳಗ್ಯಾಕ ಐತಿ?”

ನೋಡಿದರೆ ವೈರು ಸಾಕಷ್ಟು ಉದ್ದವಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಮುಖ ಹೊರಗೆ ಮಾಡಿ ಇಟ್ಟೆ.

“ನೀವ ನೋಡ್ರಿ. ಚೀಲ ಇಳಸ್ಯಾರ, ಹಲಗಿ ಖಾಲಿ ಐತಿ, ಡಬ್ಬ್ಯಾಗ ಸೊನ್ನಿ ಐತಿ. ಮೊದಲು ಆ ಐವತ್ತರ ಹಳೇ ಕಲ್ಲು ಇಟ್ಟು ನೋಡ್ರಿ. ಆಮ್ಯಾಲ ಚೀಲ.”

ಯಜಮಾನರು ಬಸ್ಸಿನ ನಂಬರು ಓದುವಷ್ಟು ಅಂಕಿ ಬಲ್ಲವರು. ಗೋಡೆಯ ಬಳಿಯಿಂದ ಕಲ್ಲು ತರಿಸಿ ಇಡಿಸಿದರು. ಡಬ್ಬಿ ಐವತ್ತು ತೋರಿಸಿತು. ಕಲ್ಲು ಇಳಿಸಿ, ಸೊನ್ನೆ ಬಂದದ್ದನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಮತ್ತೆ ಇಡಿಸಿದರು. ಮತ್ತೆ ಐವತ್ತು. ಮೂರನೆಯ ಸಲವೂ ಇಡಿಸಿದರು. ಆಮೇಲೆ ಚೀಲಕ್ಕೆ ಸನ್ನೆ ಮಾಡಿದರು.

“ಲಾಭ!” ಎಂದು ಕೂಗಿದೆ. ಮೂಗು ಈ ಸಲ ಸುಮ್ಮನಿತ್ತು.

ಸಾವ್ಕಾರರು ಅಂಕಿ ನೋಡಲಿಲ್ಲ. ಅವರ ಕಡೆಗಿದ್ದದ್ದು ಡಬ್ಬಿಯ ಬೆನ್ನು; ಅದನ್ನೇ ನೋಡುತ್ತಿದ್ದರು. ನನ್ನ ಹಿಂದೆ ಬಂದು ಮೆಲ್ಲಗೆ ಕೇಳಿದರು: “ತಿರುಗಿಸಾಕ ನಿನಗ ಯಾರು ಹೇಳಿದ್ರು?”

ಕೆಲಸ ಹೋಯಿತೆಂದುಕೊಂಡೆ. ಅಷ್ಟರಲ್ಲಿ ಹೊರಗಿಂದ ಯಜಮಾನರು, “ಹಿಂಗ ಇಟ್ರ ನಮ್ಮೂರ ನೆಲ್ಲು ಇಲ್ಲಿಗೇ ಬರ್ತೈತಿ ಸಾವ್ಕಾರ್ರ. ಇಲ್ಲಾಂದ್ರ ಸಿರುಗುಪ್ಪದಾಗ ಮಿಲ್ಲಿಗೇನು ಬರಗಾಲ ಇಲ್ಲ” ಎಂದರು.

ಸಾವ್ಕಾರರು ಕಿಟಕಿಯಿಂದ ತಲೆ ಹೊರಹಾಕಿ ದೊಡ್ಡದಾಗಿ ನಕ್ಕರು. “ತಿರುಗಿಸಂತ ನಾನ ಹೇಳೀನ್ರಿ ಯಜಮಾನ್ರ. ಸೋಮವಾರದಿಂದ ಈ ಹುಡುಗನ ಇರ್ತಾನ.”

ಸೊನ್ನೆಯ ಪ್ರಶ್ನೆಯನ್ನು ಏಕೆ ಕೇಳಿದರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಚೀಟಿಯಲ್ಲಿ ಬರೆದದ್ದೇನೆಂಬುದೂ ನನಗೆ ಇಂದಿಗೂ ಗೊತ್ತಿಲ್ಲ. ಟೈಯವನು ಹೋಗುವಾಗ ನನ್ನ ಹತ್ತಿರ ಬಂದು, “ನೀನು ಮೊದಲೇ ಗೊತ್ತುಮಾಡಿದ್ದ ಮನುಷ್ಯ ಅಂತ ನನಗೆ ಬೆಳಿಗ್ಗೆನೇ ಅನುಮಾನ ಇತ್ತು” ಎಂದು ಕೈಕುಲುಕಿದ.

ಸೋಮವಾರ ಕೆಲಸಕ್ಕೆ ಹೋದರೆ ಡಬ್ಬಿಯ ಮುಖ ಹೊರಗೇ ಇತ್ತು. ಒಳಗೆ ಫ್ಯಾನಿನ ಕೆಳಗೆ ಕೂತವನಿಗೆ ಅಂಕಿ ಕಾಣುವುದಿಲ್ಲವಾದ್ದರಿಂದ ನನ್ನ ಕುರ್ಚಿ ಅಂಗಳದ ಧೂಳಿಗೆ ಬಂತು. ಅಂಕಿ ಕಾಣದ ಮೇಲೆ ಸಾವ್ಕಾರರಿಗೆ ನಾನು ರೈತರೊಡನೆ ಸೇರಿಕೊಂಡಿದ್ದೇನೋ ಎಂಬ ಅನುಮಾನ ಶುರುವಾಗಿ, ಮೂರನೆಯ ದಿನ ಅವರ ಕುರ್ಚಿಯೂ ಹೊರಗೆ ಬಂತು. ಎಡಕ್ಕೆ ಸಾವ್ಕಾರರು, ಬಲಕ್ಕೆ ಭತ್ತ ತಂದವರು, ನಡುವೆ ನಾನು. ಪ್ರತಿ ಚೀಲಕ್ಕೂ ಇಬ್ಬರೂ ಮೊದಲು ಡಬ್ಬಿ ನೋಡುತ್ತಿದ್ದರು, ಆಮೇಲೆ ನನ್ನ ಬೆರಳು, ಆಮೇಲೆ ಮುಖ.

ಆ ವಾರದ ಕೊನೆಗೆ ಕುರುಗೋಡಿಗೆ ಹೋದಾಗ ಗಿರಣಿ ಓಡುತ್ತಿತ್ತು. ಸದ್ದಿನ ನಡುವೆ ಅಪ್ಪ ಕೇಳಿದ, “ಹೆಂಗೈತಿ ಕೆಲಸ?”

“ಎರಡೂ ಕಡಿಯವ್ರು ಅನುಮಾನ ಮಾಡ್ತಾರಪ್ಪಾ.”

“ಏನು? ಜೋರಾಗಿ ಹೇಳು.”

“ಎಲ್ಲಾರೂ ಕಳ್ಳನ್ನ ನೋಡಿದಂಗ ನೋಡ್ತಾರ!”

“ನೋಡಿ ಮತ್ತ ಮರುದಿನ ಬರ್ತಾರೋ ಇಲ್ಲೋ?”

“ಬರ್ತಾರ.”

“ಹಂಗಾರ ಖಾಯಂ ಆತು ಬಿಡು” ಎಂದು ಅಪ್ಪ ಮುಂದಿನ ಬುಟ್ಟಿಯ ಜೋಳ ಸುರಿಯಲು ತಿರುಗಿದ.