ಬಾಗಿಲು ದಾಟುವಷ್ಟರಲ್ಲಿ ಹೋದ ಮೀಸೆ

ಮಾರುತಿ ಕಾಕಾರ ಜೊತೆ ಕೂತು ಸಿನಿಮಾ ನೋಡುವುದು ಒಂದು ಶಿಕ್ಷೆಯೇ ಆಗಿತ್ತು. ನಾಯಕಿ ಸತ್ತು, ನಮ್ಮ ಕಣ್ಣು ತುಂಬಿ ಬರುವ ಹೊತ್ತಿಗೆ ಸರಿಯಾಗಿ, ‘ಹೆಣ ಉಸರಾಡಾಕತ್ತೈತಿ ನೋಡು’ ಎನ್ನುತ್ತಿದ್ದರು. ರಾಜರ ಕಾಲದ ಕಥೆಯಲ್ಲಿ ಗುಡ್ಡದ ಹಿಂದಿನ ಕರೆಂಟ್ ಕಂಬ ಹುಡುಕಿ ತೋರಿಸುತ್ತಿದ್ದರು. ರಾಣೆಬೆನ್ನೂರಿನಲ್ಲಿ ನಮ್ಮ ಮನೆಯ ಪಕ್ಕವೇ ಅವರ ಮಿಕ್ಸರ್ ರಿಪೇರಿ ಅಂಗಡಿ. ಅಲ್ಲಿನ ಟಿವಿ ಮುಂದೆ ಅಳಲೆಂದು ಕೂತು ನಕ್ಕು ಎದ್ದು ಬಂದದ್ದೇ ಹೆಚ್ಚು.

ಇಂಥವರು ಸಿನಿಮಾದಲ್ಲಿ ಸಿಕ್ಕಿಕೊಂಡದ್ದು ತಮ್ಮ ದಪ್ಪ ಮೀಸೆಯ ದೆಸೆಯಿಂದ. ಹಾವೇರಿಯಲ್ಲಿ ಮದುವೆ ವಿಡಿಯೊ ತೆಗೆಯುವ ಸಲೀಂ ಕೈಲಿದ್ದಷ್ಟರಲ್ಲಿ ಒಂದು ಸಿನಿಮಾ ಶುರು ಮಾಡಿದ್ದ. ಗೌಡನ ಪಾತ್ರಕ್ಕೆ ಕಾಕಾ ಬೇಕೆಂದ. ಬಿಡುವಾದ ಭಾನುವಾರಗಳಂದು ಶೂಟಿಂಗ್. ಬೆಳಕಿಗೆ ಬಿಳಿ ಥರ್ಮೋಕೋಲ್ ಹಿಡಿದು ನಿಲ್ಲುವುದು ನನ್ನ ಕೆಲಸ. ಕಾಕಾ ಅಲ್ಲೂ ತಮ್ಮ ಚಾಳಿ ಬಿಡಲಿಲ್ಲ. ‘ಏ ಸಲೀಮಾ, ಹ್ವಾದ ವಾರ ನಾ ಅಂಗಿ ಗುಂಡಿ ಹಾಕಿದ್ನೋ, ಬಿಟ್ಟಿದ್ನೋ? ನೋಡಿ ಹೇಳು, ಮಂದಿ ನಗಬಾರ್ದು’ ಎಂದು ಕ್ಯಾಮೆರಾ ನಿಲ್ಲಿಸುತ್ತಿದ್ದರು. ಮೀಸೆಯ ತುದಿಗೂ ಕತ್ತರಿ ಮುಟ್ಟಿಸಲಿಲ್ಲ. ಸಾರು ಬಡಿಸುತ್ತ ಅವರ ಹೆಂಡತಿ, ನಮ್ಮ ಕಾಕು, ‘ಉಣ್ಣೋರು ನೀವೋ, ನಿಮ್ಮ ಮೀಸ್ಯೋ?’ ಎಂದು ಕಾಡಿಸುತ್ತಿದ್ದಳು.

ಕೊನೆಯ ದೃಶ್ಯಕ್ಕೆ ಐರಣಿಯಲ್ಲಿ ಒಂದು ಹಳೇ ಮನೆ ಸಿಕ್ಕಿತು. ಮಗನೊಡನೆ ಜಗಳವಾಡಿ ಒಳಗೆ ಹೋದ ಗೌಡ ಮರುಕ್ಷಣವೇ ಹೊರಗೆ ಬಂದು ಮಗನನ್ನು ತಬ್ಬಿಕೊಂಡು ಅಳಬೇಕು. ಒಳಗೆ ಹೋಗುವುದನ್ನು ತೆಗೆದಾಗಿತ್ತು. ಅಷ್ಟರಲ್ಲಿ ಬ್ಯಾಡಗಿಯಿಂದ ಫೋನ್ ಬಂತು. ಕಾಕಾರ ತಂದೆ ತೀರಿಕೊಂಡಿದ್ದರು.

ಅವರ ಮನೆತನದಲ್ಲಿ ಹಿರಿಮಗ ತಲೆ, ಮೀಸೆ ಎರಡನ್ನೂ ಬೋಳಿಸಿಕೊಳ್ಳಬೇಕು. ಕಾಕಾ ಬೋಳಿಸಿಕೊಂಡರು. ಕರ್ಮಗಳೆಲ್ಲ ಮುಗಿಯುವ ಹೊತ್ತಿಗೆ ಐರಣಿಯ ಮನೆ ಕೆಡವುವ ದಿನ ಗೊತ್ತಾಗಿತ್ತು. ಮೀಸೆ ಬೆಳೆಯುವವರೆಗೆ ಕಾಯುವಂತಿರಲಿಲ್ಲ. ಬೋಳು ತಲೆಯನ್ನು ಗೌಡನ ರುಮಾಲು ಮುಚ್ಚಿತು. ಅಂಟಿಸಿದ ಮೀಸೆ ಮಾತ್ರ ಬೆವರಿಗೆ ನಿಲ್ಲಲಿಲ್ಲ. ‘ಮೀಸಿ ಇಲ್ದ ಹಂಗ ತಗಿ’ ಎಂದರು ಕಾಕಾ. ಒಂದೇ ಸಲಕ್ಕೆ ಮುಗಿಯಿತು. ಸಲೀಂ ಕಟ್ ಎಂದ ಮೇಲೂ ಅವರ ಅಳು ನಿಲ್ಲಲಿಲ್ಲ. ಮಗನ ಪಾತ್ರದ ಹುಡುಗ ಏನೂ ತೋಚದೆ ಅವರ ಬೆನ್ನು ಸವರುತ್ತ ನಿಂತಿದ್ದ.

ಸಿನಿಮಾ ಯೂಟ್ಯೂಬಿಗೆ ಬಂತು. ಯಾರೋ ಆ ತುಣುಕನ್ನಷ್ಟೇ ಕತ್ತರಿಸಿ ಹಂಚಿದರು. ಮೀಸೆ ಹೊತ್ತು ಒಳಗೆ ಹೋದ ಗೌಡ ಬೋಳು ತುಟಿಯಲ್ಲಿ ಹೊರಗೆ ಬಂದು ಗೊಳೋ ಎಂದು ಅಳುತ್ತಾನೆ. ಹಾವೇರಿ ಬಸ್‌ಸ್ಟ್ಯಾಂಡಿರಲಿ, ಬ್ಯಾಡಗಿ ಮಾರ್ಕೆಟ್ಟಿರಲಿ, ‘ಮೀಸಿ ಒಳಗ ಬಿಟ್ಟು ಬಂದ್ರೇನ್ರಿ?’ ಎಂಬುದೊಂದೇ ಮಾತು. ಮೀಸೆ ಮತ್ತೆ ಬೆಳೆಯಿತು. ‘ಅಂತೂ ಸಿಕ್ತೇನ್ರಿ?’ ಎಂದರು. ಕಾಕಾ ನಕ್ಕು ಮುಂದೆ ಹೋಗುತ್ತಿದ್ದರು. ಆಮೇಲಾಮೇಲೆ ಊರ ಹೊರಗೆ ಹೋಗುವುದನ್ನೇ ಬಿಟ್ಟರು. ಅಂಗಡಿಯ ಒಂದು ಕದ ಸದಾ ಮುಚ್ಚಿರುತ್ತಿತ್ತು.

ಅವರನ್ನು ಕೊನೆಯ ಸಲ ಕಂಡಾಗ ಸಲೀಮನೂ ಜೊತೆಗಿದ್ದ. ‘ಕಾಕಾ, ನೀವು ಹ್ಞೂಂ ಅನ್ರಿ. ಬ್ಯಾರೆ ಮನ್ಯಾಗ ಮತ್ತ ತಗಿಯೂಣು. ಹಳೇದನ್ನ ಅಳಸಿಬಿಡ್ತೇನಿ’ ಎಂದ. ಅವರು ಪಾರಾಗುವ ದಾರಿ ಇದೊಂದೇ ಎಂದು ನಾನೂ ನಂಬಿದ್ದೆ.

ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟರು. ‘ಬ್ಯಾಡಪಾ. ಅಪ್ಪ ಸತ್ತಾಗ ನನಗ ಅಳಾಕ ಎಲ್ಲಿ ಬಿಟ್ರು? ಕಟಗಿ ತರಸೂದು, ಬಂದವರನ್ನ ಕುಂದ್ರಸೂದು, ತಂಗಿಗೆ ಸಮಾಧಾನ ಹೇಳೂದು. ನಾ ಅತ್ತಿದ್ದು ಐರಣ್ಯಾಗ, ನಿನ್ನ ಕ್ಯಾಮೆರಾದ ಮುಂದ. ಅದನ್ನ ಅಳಸಿದ್ರ ಅಪ್ಪಗ ನಾ ಅತ್ತೇ ಇಲ್ಲ ಅಂದಂಗ ಆಗ್ತೈತಿ.’

‘ಹಂಗಾರ ಮಂದಿಗೆ ಖರೇ ಏನಂತ ಹೇಳೂಣ್ರಿ’ ಎಂದೆ.

‘ಹೇಳಿದ್ರ ಮರಗ್ತಾರ. ಹಾದ್ಯಾಗ ನಿಲ್ಲಿಸಿ ನಿಲ್ಲಿಸಿ ಮರಗ್ತಾರ. ಅದಕ್ಕಿಂತ ನಗೂದ ಇರ್ಲಿ.’

ಕಾಕಾ ತೀರಿಕೊಂಡ ದಿನ ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಆ ವಿಡಿಯೊ ಮತ್ತೆ ಬಂತು. ‘ನಮ್ಮನ್ನೆಲ್ಲ ನಗಿಸಿದ ಹಿರಿಯ ಜೀವ’ ಎಂದು ಯಾರೋ ಕೆಳಗೆ ಬರೆದಿದ್ದರು. ನಾನು ಉತ್ತರ ಬರೆಯತೊಡಗಿ, ಅಳಿಸಿ, ಎಲ್ಲರಂತೆ ಕೈಮುಗಿದ ಚಿತ್ರವೊಂದನ್ನು ಕಳಿಸಿದೆ.