ಅಗುಳಿ ತಾನಾಗಿ ಬೀಳುವ ಅಧ್ಯಾಯ

2022ರ ಸೆಪ್ಟೆಂಬರಿನಲ್ಲಿ ನಾನು ಲಾಸ್ ಏಂಜಲೀಸಿನ ಒಂದು ಸಣ್ಣ ಕ್ರೈಸ್ತ ಪ್ರಕಾಶನದಲ್ಲಿ ಕಾಪಿ ಎಡಿಟರ್ ಆಗಿದ್ದೆ. ಹಸ್ತಪ್ರತಿಯ ಭಾಷೆ ತಿದ್ದುವುದು, ನಂಬಲಾಗದ ಸಂಗತಿ ಕಂಡರೆ ಅಂಚಿನಲ್ಲಿ ಪ್ರಶ್ನೆ ಬರೆಯುವುದು ನನ್ನ ಕೆಲಸ. ಧಾರವಾಡದ ಹಿಂದೂ ಹೆಂಗಸಿಗೆ ಕೌಬಾಯ್ ಪ್ರೇಮಕಥೆಗಳ ಉಸ್ತುವಾರಿ ಎಂದು ಬಂಧುಗಳು ನಗುತ್ತಿದ್ದರು.

ನನ್ನ ಪಾಲಿಗೆ ಬಂದ ಲೇಖಕಿ ಲೊರೀನ್, ಎಪ್ಪತ್ತು ದಾಟಿದ ವಿಧವೆ. ಚರ್ಚ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು ನಲವತ್ತರ ನಂತರ ಬರೆಯತೊಡಗಿ ಮೂವತ್ತು ಕಾದಂಬರಿ ಮುಗಿಸಿದ್ದರು. ಮದುವೆಯಾಗದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿದ್ದರೆ ಬಾಗಿಲು ತೆರೆದಿರಬೇಕು ಎಂಬುದು ಪ್ರಕಾಶನದ ನಿಯಮ. ಹೊಸ ಕಥೆಯಲ್ಲಿ ನಾಯಕ ನಾಯಕಿ ಇಬ್ಬರೂ ಕುದುರೆ ಲಾಯದ ಕೋಣೆಯಲ್ಲಿ ಸಿಕ್ಕಿಕೊಳ್ಳಬೇಕಿತ್ತು. ಅದಕ್ಕೆ, ಯಾರ ತಪ್ಪೂ ಆಗದಂತೆ, ಹೊರಗಿನ ಅಗುಳಿ ತಾನಾಗಿ ಬಿತ್ತೆಂದು ಬರೆದಿದ್ದರು.

"ನಂಬಲು ಕಷ್ಟ. ತೋರಿಸಬಲ್ಲಿರಾ?" ಎಂದು ಬರೆದೆ.

ದೃಶ್ಯಗಳನ್ನು ಅಭಿನಯಿಸಿ ನೋಡುವುದು ಅವರ ಪದ್ಧತಿ. ಪೊವೇ ಎಂಬ ಊರಿನ ತಮ್ಮ ಮನೆಗೆ ಕರೆದರು. ನಾರ್ತ್‌ರಿಜ್‌ನ ಕಾಲೇಜಿನಲ್ಲಿ ನನ್ನ ಸಹಪಾಠಿಯಾಗಿದ್ದ ಗಂಡ ಪ್ರಕಾಶ ಕಾರಿನಿಂದ ಇಳಿಸುತ್ತ, "ಇವತ್ತ ನಾಯಕಿ ಯಾರು, ಕುದುರಿ ಯಾರು?" ಎಂದು ಕೆಣಕಿ ಹೋದ.

ಹಳೆಯ ಲಾಯದ ಕೋಣೆಗೆ ಕಿಟಕಿ ಇರಲಿಲ್ಲ, ಮೇಲೆ ತಗಡು. ಒಳಗೆ ನಿಂತು ಲೊರೀನ್ ಬಾಗಿಲನ್ನು ಜೋರಾಗಿ ಎಳೆದರು. ಹೊರಗೆ 'ಟಕ್' ಎಂದಿತು.

"ನೋಡಿದೆಯಾ!" ಎಂದು ಚಪ್ಪಾಳೆ ತಟ್ಟಿದರು.

ನಾನು ತಳ್ಳಿದೆ. ಬಾಗಿಲು ಅಲುಗಲಿಲ್ಲ. ಇಬ್ಬರ ಫೋನುಗಳೂ ಅಡುಗೆಮನೆಯಲ್ಲಿದ್ದವು.

ಮಧ್ಯಾಹ್ನದ ಬಿಸಿಲಿಗೆ ತಗಡು ಕಾದು ಉಸಿರು ಸುಡತೊಡಗಿತು. ಸ್ವಲ್ಪ ಹೊತ್ತಿಗೆ ಲೊರೀನ್ ಬೆವರುವುದೇ ನಿಂತಿತು. ಅವರ ಮಾತು ತೊದಲಿತು.

"ಮುಂದೆ ಏನು ಬರೆದಿದ್ದೀನಿ?"

"ನಾಯಕ ಭುಜ ಕೊಟ್ಟು ಬಾಗಿಲು ಒಡೀತಾನೆ."

"ಪೆದ್ದಿ ನಾನು. ಬರೆಯುವ ಮೊದಲು ಒಂದು ಸಲವಾದರೂ ಬಾಗಿಲಿಗೆ ಭುಜ ಕೊಟ್ಟು ನೋಡಬೇಕಿತ್ತು."

ನನ್ನ ಭುಜ ಅಷ್ಟರಲ್ಲೇ ಊದಿಕೊಂಡಿತ್ತು.

ಕೊನೆಗೆ ಪ್ರಕಾಶನ ಕಾರು ಮರಳಿ ಬಂದ ಸದ್ದು ಕೇಳಿಸಿತು. ನೆರೆಯವರಿಗೂ ತಿಳಿಯಲೆಂದು "ಹೆಲ್ಪ್! ಹೆಲ್ಪ್!" ಎಂದು ಕಿರುಚುತ್ತ ಮೂಲೆಯಲ್ಲಿದ್ದ ಸಲಿಕೆಯಿಂದ ಬಾಗಿಲು ಬಡಿದೆ. ಯಾರೂ ಬರಲಿಲ್ಲ. ಪ್ರಕಾಶ ಆ ಕೂಗು ಕೇಳಿ ನಕ್ಕು, ದೃಶ್ಯ ಮುಗಿಯಲೆಂದು ಎ.ಸಿ. ಹಾಕಿಕೊಂಡು ಕಾರಿನಲ್ಲೇ ಕೂತಿದ್ದನಂತೆ.

ಲೊರೀನ್ ಗೋಡೆಗುಂಟ ಜಾರಿ ನೆಲಕ್ಕೆ ಬಿದ್ದರು. ನನ್ನ ಬಾಯಲ್ಲಿ ಇಂಗ್ಲಿಷೇ ಉಳಿಯಲಿಲ್ಲ.

"ಪ್ರಕಾಶಾ! ನಾಟಕ ಅಲ್ಲೋ! ಅಜ್ಜಿ ಸಾಯಾಕತ್ತಾಳ, ಬಾಗಲಾ ತಗಿ!"

ಓಡುವ ಹೆಜ್ಜೆ ಕೇಳಿಸಿತು. ಅಗುಳಿಯನ್ನು ಅವನು ಒಂದು ಬೆರಳಲ್ಲಿ ಎತ್ತಿದ.

ಲೊರೀನ್ ಬದುಕಿದರು. ಆಸ್ಪತ್ರೆಯಿಂದ ಬಂದವರೇ ಅಧ್ಯಾಯವನ್ನು ಮತ್ತೆ ಬರೆದರು. ಈಗ ನಾಯಕಿ ಒಬ್ಬಳೇ ಒಳಗೆ. ಹೊರಗೆ ನಾಯಕ, ಅವಳ ಕೂಗನ್ನು ಹಾಡೆಂದು ತಿಳಿದು ಟೊಪ್ಪಿಗೆ ತೆಗೆದು ವಿನಯದಿಂದ ಕಾಯುತ್ತಾನೆ. ಓದಿದ ಪ್ರಕಾಶ, "ನಾ ಎಲ್ಲಿ ಟೊಪ್ಪಿಗಿ ಹಾಕ್ಕೊಂಡಿದ್ನಿ?" ಅಂದ.

ಇಂದಿಗೂ ಲಿಫ್ಟಿನ ಬಾಗಿಲು ಕೂಡಿಕೊಂಡಾಗ ಆ 'ಟಕ್' ಕೇಳಿ ನಾನು ಫೋನು ಕೈಯಲ್ಲಿದೆಯೇ ಎಂದು ನೋಡಿಕೊಳ್ಳುತ್ತೇನೆ. ಈ ವೃತ್ತಿ ನನಗೆ ಕಲಿಸಿದ್ದಿಷ್ಟು: ನಂಬಲು ಕಷ್ಟವಾದದ್ದು ಕಂಡರೆ "ನಿಮಗೆ ಹೇಗೆ ಗೊತ್ತು?" ಎಂದು ಲೇಖಕರನ್ನು ಈಗಲೂ ಕೇಳುತ್ತೇನೆ. ತೋರಿಸಿ ಎಂದು ಮಾತ್ರ ಕೇಳುವುದಿಲ್ಲ.