ಕಂಪನಿಗೂ ಶಾಲೆಗೂ ನಡುವೆ

ರಾಯಚೂರಿನಲ್ಲಿ ನಮಗೆ ಮೊದಲ ದಿನ ಕಲಿಸಿದ್ದು ಬೀಳುವುದನ್ನು. ಕಸಬಿನ ಶಾಲೆಯ ಅಂಗಳದಲ್ಲಿ ತಂತಿಯೇ ಇಲ್ಲದ ಕಂಬವೊಂದು ನಿಂತಿತ್ತು, ಬುಡದಲ್ಲಿ ಮರಳು ಸುರಿದಿದ್ದರು. ಉಸ್ತಾದರು, ಅಂದರೆ ನಮ್ಮ ಮೇಷ್ಟ್ರು, ನನ್ನನ್ನು ಅರ್ಧ ಹತ್ತಿಸಿ "ಛೋಡೋ" ಎಂದರು. ಅರ್ಥವಾಗದೆ ಕಂಬವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ.

"ಕೈ ಬಿಡು ಅನ್ನಾಕತ್ತಾರಲೇ," ಎಂದು ಕೆಳಗಿನಿಂದ ಒಬ್ಬ ನಕ್ಕ. ಅವನೇ ಅಮರಪ್ಪ, ಮಾನ್ವಿ ಕಡೆಯ ಬಾಗಲವಾಡದವನು. ನಾನು ದೇವದುರ್ಗದ ಹತ್ತಿರ ಕುರಿ ಕಾಯುವ ಮನೆಯವನು.

ನಮ್ಮದು ನಿಜಾಮರ ಸೀಮೆ. ವಿದ್ಯುತ್ ಕಂಪನಿಯೊಂದು ನಮ್ಮ ಶಾಲೆಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಬೆಳಿಗ್ಗೆ ಶಾಲೆಯಲ್ಲಿ ಪಾಠ, ಮಧ್ಯಾಹ್ನ ಕಂಪನಿಯ ತಂತಿಯ ಮೇಲೆ ಕೆಲಸ. ಕಲಿತವರಿಗೆ ಅಲ್ಲೇ ನೌಕರಿ.

ಕೋಟೆಗೋಡೆಯ ಬಳಿ ಇಬ್ಬರೂ ಒಂದು ಕೋಣೆ ಹಿಡಿದೆವು. ಕುರಿಗಳ ಜೊತೆ ಬಯಲಲ್ಲಿ ಮಲಗಿ ಬೆಳೆದ ನನಗೆ ಆ ಕಲ್ಲುಗೋಡೆಗಳ ಕಾವಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ತೆಲುಗು. ಯಾರು ಮಾತಾಡಿಸಿದರೂ ಅಮರಪ್ಪನ ಮುಖ ನೋಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಹೇಳುವ 'ಜೊನ್ನ ರೊಟ್ಟೆ' ನಮ್ಮ ಜೋಳದ ರೊಟ್ಟಿಯೇ ಎಂದು ತಿಳಿದ ದಿನ ಹೊಟ್ಟೆ ತುಂಬ ಉಂಡೆ.

ಒಂದು ಮಧ್ಯಾಹ್ನ ಕಂಪನಿಯ ಮೇಸ್ತ್ರಿ ಕರೆಂಟು ನಿಲ್ಲಿಸಿದೆ ಎಂದ. ಅಮರಪ್ಪ ಹತ್ತಿದ, ನಾನು ಕೆಳಗೆ ಹಗ್ಗ ಹಿಡಿದಿದ್ದೆ. ಕರೆಂಟು ನಿಂತಿರಲಿಲ್ಲ. ಅವನ ಬಲಗೈ ತಂತಿಗೆ ಅಂಟಿಕೊಂಡಿತು. ಕೂಗಿದೆ, ಅಷ್ಟೇ. ಕರೆಂಟು ನಿಲ್ಲಿಸುವವರೆಗೆ ಮುಟ್ಟುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಮೊಣಕೈವರೆಗೆ ಕೈ ತೆಗೆದರು.

ಪರಿಹಾರ ಕೇಳಲು ಕಂಪನಿಗೆ ಹೋದೆ. "ಅಂವ ಶಾಲಿಯವ. ನಮ್ಮ ನೌಕರ ಅಲ್ಲ," ಎಂದರು ಕಚೇರಿಯ ಗುಮಾಸ್ತರು. ಶಾಲೆಗೆ ಹೋದೆ. "ತಂತಿ ಮ್ಯಾಲಿದ್ದಾಗ ಅಂವ ಕಂಪನಿಯವ," ಎಂದರು ಅಲ್ಲಿಯ ದೊಡ್ಡವರು. ಉಸ್ತಾದರನ್ನು ಹಿಡಿದು ನಿಲ್ಲಿಸಿದೆ. ಅವರು ತಮ್ಮ ಅರೆಬರೆ ಕನ್ನಡದಲ್ಲಿ, "ನನ್ನ ಕೈಯಾಗ ಏನಿಲ್ಲ ಬೇಟಾ," ಎಂದು ತಲೆ ತಗ್ಗಿಸಿದರು. ಮತ್ತೆ ಕಂಪನಿಗೆ ಹೋದೆ. ಅಲ್ಲಿ ಕೂರು ಎನ್ನುವವರೂ ಇರಲಿಲ್ಲ.

ಅವನನ್ನು ಕರೆದೊಯ್ಯಲು ಅವನ ತಾಯಿ ಎತ್ತಿನ ಗಾಡಿಯಲ್ಲಿ ಬಂದಳು. ಹೊರಡುವಾಗ, "ಯಪ್ಪಾ, ನೀನೂ ಅದ ಕಂಬ ಹತ್ತಾಂವೇನು?" ಎಂದಳು.

"ಹೌದು ಯವ್ವಾ."

"ಬ್ಯಾಡೋ. ನಿಮ್ಮೂರಿಗೆ ಹೋಗು."

ಹೋಗಲು ಅಲ್ಲೇನಿತ್ತು? ನನಗೆ ನೌಕರಿ ಆಗುತ್ತದೆಂದು ಅಣ್ಣಂದಿರು ಕುರಿಗಳನ್ನೆಲ್ಲ ತಮ್ಮಲ್ಲೇ ಹಂಚಿಕೊಂಡಿದ್ದರು. ಮರುದಿನ ಕಂಬ ಹತ್ತಿದೆ. ಕಲಿಕೆ ಮುಗಿದ ಮೇಲೆ ಅದೇ ಕಂಪನಿಯ ನೌಕರನೂ ಆದೆ.

ಈಚೆಗೆ ಬಾಗಲವಾಡಕ್ಕೆ ಹೋಗಿದ್ದೆ. ಅಮರಪ್ಪ ಎಡಗೈಯಿಂದ ನೀರು ಕೊಟ್ಟು, "ನಮ್ಮ ಕೋಣ್ಯಾಗ ಬ್ಯಾರೆ ಯಾರನ್ನರ ಇಟಗೊಂಡಿಯೇನು?" ಎಂದು ಕೇಳಿದ.

"ಇಲ್ಲ. ಒಬ್ಬನ ಅದೀನಿ."

"ಇಟಗೋ ಮಾರಾಯ. ನಾ ಏನು ಬರಾಂವಲ್ಲ."

ನೀರು ಕುಡಿದು ಲೋಟ ಕೆಳಗಿಟ್ಟೆ. ದೇವದುರ್ಗಕ್ಕೆ ಹೋದರೆ ಅಣ್ಣಂದಿರು, "ರಾಯಚೂರಿಗೆ ಯಾವಾಗ ಹೊಂಟಿ?" ಎನ್ನುತ್ತಾರೆ. ರಾಯಚೂರಿನ ಅಂಗಡಿಯವನು, "ಊರಿಗೆ ಯಾವಾಗ ಹೊಂಟಿ?" ಎನ್ನುತ್ತಾನೆ. ಎರಡೂ ಕಡೆ ನಾಳೆ ಎಂದು ಹೇಳಿಬಿಡುತ್ತೇನೆ.